ದುಡ್ಡೂ ಇದೆ, ಒಳ್ಳೆ ಕೆಲಸಾನೂ ಇದೆ, ಒಂದಕ್ಕೊಂದು ಯಾಕೆ ಸಿಗ್ತಿಲ್ಲ?

2025ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ಬಂದ ಎರಡು ಸುದ್ದಿನ ಪಕ್ಕಪಕ್ಕ ಇಟ್ಟು ನೋಡಿದ್ರೆ ಯಾರಿಗಾದ್ರೂ ಗೊಂದಲ ಆಗುತ್ತೆ. ಜನವರಿ 20ಕ್ಕೆ ಅಮೆರಿಕ ಸರ್ಕಾರ ವಿದೇಶಿ ನೆರವನ್ನ ತಡೆಹಿಡೀತು, ಮಾರ್ಚ್ ಹೊತ್ತಿಗೆ ಆ ನೆರವನ್ನ ಹಂಚೋ ಸರ್ಕಾರಿ ಸಂಸ್ಥೆ ಯುಎಸ್‌ಏಡ್‌ನ ಶೇ. 83ರಷ್ಟು ಕಾರ್ಯಕ್ರಮ ರದ್ದಾಗಿದೆ ಅಂತ ಅಲ್ಲಿನ ವಿದೇಶಾಂಗ ಸಚಿವ ಮಾರ್ಕೊ ರುಬಿಯೊ ಹೇಳಿದ್ರು, 1961ರಿಂದ ನಡ್ಕೊಂಡು ಬಂದಿದ್ದ ಆ ಸಂಸ್ಥೆನೇ ಜುಲೈ 1ಕ್ಕೆ ನಿಂತೋಯ್ತು. ಕ್ಲಿನಿಕ್‌ಗಳು ಬಾಗಿಲು ಹಾಕಿದ್ವು, ಮಲೇರಿಯಾ, ಎಚ್‌ಐವಿ, ಅಪೌಷ್ಟಿಕತೆ ಕಾರ್ಯಕ್ರಮಗಳು ಅರ್ಧಕ್ಕೇ ನಿಂತ್ವು. ಇದರ ಮಧ್ಯೆನೇ, ಮೇ 8ಕ್ಕೆ, ಬಿಲ್ ಗೇಟ್ಸ್ ತಮ್ಮ ಹತ್ರ ಇರೋ ಆಸ್ತಿ ಹೆಚ್ಚುಕಮ್ಮಿ ಪೂರ್ತಿ ಕೊಟ್ಟುಬಿಡ್ತೀನಿ, ಮುಂದಿನ 20 ವರ್ಷದಲ್ಲಿ ಗೇಟ್ಸ್ ಫೌಂಡೇಶನ್ ಸುಮಾರು 20 ಸಾವಿರ ಕೋಟಿ ಡಾಲರ್ ಖರ್ಚು ಮಾಡುತ್ತೆ, 2045ರ ಡಿಸೆಂಬರ್ 31ಕ್ಕೆ ಮುಚ್ಚುತ್ತೆ ಅಂತ ಘೋಷಣೆ ಮಾಡಿದ್ರು.

ಹಾಗಾದ್ರೆ ಈ ದುಡ್ಡನ್ನ ಆ ಕ್ಲಿನಿಕ್‌ಗಳಿಗೆ ಕೊಟ್ರೆ ಮುಗೀತಲ್ಲ, ಅಂತ ಅನ್ಸೋದು ಸಹಜ. ಮುಗಿಯಲ್ಲ. ಯಾಕೆ ಅನ್ನೋದು ಅರ್ಥ ಆಗ್ಬೇಕಂದ್ರೆ ದಾನದ ದುಡ್ಡು ದಾನಿ ಕೈಯಿಂದ ಹೊರಟು ಒಂದು ಕೆಲಸದ ಹತ್ರ ಹೋಗಿ ಮುಟ್ಟೋ ತನಕ ಮಧ್ಯದಲ್ಲಿ ಏನೇನಾಗುತ್ತೆ ಅಂತ ನೋಡ್ಬೇಕು. ಆ ಮಧ್ಯದ ಕೆಲಸದ ಬಗ್ಗೆ ಯಾರೂ ಜಾಸ್ತಿ ಮಾತಾಡಲ್ಲ, ಆದ್ರೆ ತೊಂದರೆ ಇರೋದು ಅಲ್ಲೇ.

ಮೊದಲು ಅಳತೆ

20 ಸಾವಿರ ಕೋಟಿ ಡಾಲರ್ ಕೇಳೋಕೆ ಭಾರಿ ದೊಡ್ಡದು, ಆದ್ರೆ 20 ವರ್ಷಕ್ಕೆ ಹಂಚಿದ್ರೆ ವರ್ಷಕ್ಕೆ ಸರಾಸರಿ ಒಂದು ಸಾವಿರ ಕೋಟಿ. ಯುಎಸ್‌ಏಡ್ 2023ರ ಹಣಕಾಸು ವರ್ಷ ಒಂದರಲ್ಲೇ ನಿಭಾಯಿಸಿದ್ದು 4 ಸಾವಿರ ಕೋಟಿ ಡಾಲರ್‌ಗೂ ಮೇಲೆ. ಅಂದ್ರೆ ಜಗತ್ತಿನ ಅತಿ ದೊಡ್ಡ ಫೌಂಡೇಶನ್‌ಗಳಲ್ಲಿ ಒಂದು ತನ್ನ ಬೇರೆ ಕೆಲಸ ಎಲ್ಲ ಬಿಟ್ಟು ಬಂದ್ರೂ ಆ ಜಾಗ ತುಂಬೋಕಾಗಲ್ಲ, ಸರ್ಕಾರದ ದುಡ್ಡಿಗೆ ಖಾಸಗಿ ದಾನ ಬದಲಿ ಅನ್ನೋ ಮಾತು ಲೆಕ್ಕದಲ್ಲೇ ನಿಲ್ಲಲ್ಲ.

ಆದ್ರೆ ಇರೋ ದುಡ್ಡಾದ್ರೂ ಪೂರ್ತಿ ಹರೀತಿದ್ಯಾ ಅಂದ್ರೆ ಅದೂ ಇಲ್ಲ. ಅಮೆರಿಕದಲ್ಲಿ ಖಾಸಗಿ ಫೌಂಡೇಶನ್‌ಗಳು ವರ್ಷಕ್ಕೆ ತಮ್ಮ ಆಸ್ತಿಯ ಸುಮಾರು ಶೇ. 5 ಭಾಗ ಹಂಚಿದ್ರೆ ಕಾನೂನು ಪ್ರಕಾರ ಸಾಕು, ಮಿಕ್ಕಿದ್ದು ಹೂಡಿಕೆಯಲ್ಲಿ ಬೆಳೀತಿರುತ್ತೆ. ಇನ್ನು ಡೋನರ್ ಅಡ್ವೈಸ್ಡ್ ಫಂಡ್ ಅಂತ ಒಂದು ವ್ಯವಸ್ಥೆ ಇದೆ: ದಾನಿ ದುಡ್ಡನ್ನ ಆ ಖಾತೆಗೆ ಹಾಕಿದ ದಿನಾನೇ ತೆರಿಗೆ ವಿನಾಯಿತಿ ಸಿಗುತ್ತೆ, ಆದ್ರೆ ಅಲ್ಲಿಂದ ನಿಜವಾದ ಸೇವಾ ಸಂಸ್ಥೆಗೆ ಯಾವಾಗ ಕೊಡ್ಬೇಕು ಅನ್ನೋದಕ್ಕೆ ಗಡುವೇ ಇಲ್ಲ. ಈ ಖಾತೆಗಳಲ್ಲಿ ಕೂತಿರೋದು 25 ಸಾವಿರ ಕೋಟಿ ಡಾಲರ್ ದಾಟಿದೆ. ಇದನ್ನ ಸಮರ್ಥಿಸೋರು, ಒಟ್ಟಾರೆ ನೋಡಿದ್ರೆ ಈ ಫಂಡ್‌ಗಳಿಂದ ವರ್ಷಕ್ಕೆ ಶೇ. 20ಕ್ಕಿಂತ ಜಾಸ್ತಿ ಹೊರಗೆ ಹೋಗುತ್ತೆ, ಫೌಂಡೇಶನ್‌ಗಳಿಗಿಂತ ನಾವೇ ವಾಸಿ ಅಂತಾರೆ. ಅದು ನಿಜಾನೇ, ಆದ್ರೆ ಅದು ಎಲ್ಲ ಖಾತೆ ಸೇರಿಸಿದ ಸರಾಸರಿ, ಒಂದೊಂದು ಖಾತೆ ವರ್ಷಗಟ್ಟಲೆ ಸುಮ್ನೆ ಕೂತಿದ್ರೂ ಕೇಳೋರಿಲ್ಲ.

ಕೂತಿರೋ ದುಡ್ಡಿನ ಹಿಂದೆ ಯಾವಾಗ್ಲೂ ಜಿಪುಣತನಾನೇ ಇರುತ್ತೆ ಅಂತ ತಿಳ್ಕೊಂಡ್ರೆ ತಪ್ಪಾಗುತ್ತೆ. ಎಲ್ಲಿಗೆ ಕೊಡ್ಬೇಕು, ಯಾರನ್ನ ನಂಬಬೇಕು ಅಂತ ಗೊತ್ತಾಗ್ದೇ ನಿಂತಿರೋ ದುಡ್ಡೂ ಇದರಲ್ಲಿ ಬೇಕಾದಷ್ಟಿದೆ.

ಕೊಡೋರು ಒಬ್ಬರು, ಅನುಭವಿಸೋರು ಇನ್ನೊಬ್ಬರು

ಅಂಗಡಿಯಲ್ಲಿ ಸೋಪು ತಗೊಂಡ್ರೆ ಅದು ಚೆನ್ನಾಗಿದ್ಯಾ ಇಲ್ವಾ ಅಂತ ಎರಡು ದಿನದಲ್ಲಿ ನಮಗೇ ಗೊತ್ತಾಗುತ್ತೆ, ಇಷ್ಟ ಆಗ್ಲಿಲ್ಲ ಅಂದ್ರೆ ಇನ್ನೊಂದ್ಸಲ ತಗೊಳಲ್ಲ. ದಾನದಲ್ಲಿ ದುಡ್ಡು ಕೊಡೋನು ಬೇರೆ, ಅದರ ಫಲ ಪಡೆಯೋನು ಬೇರೆ. ಕೆಲಸ ಕೆಟ್ಟು ಹೋಗಿದ್ರೂ ಕೊಟ್ಟವರಿಗೆ ತಾನಾಗೇ ಗೊತ್ತಾಗಲ್ಲ, ಅವರ ಹತ್ರ ಬರೋದು ರಿಪೋರ್ಟು, ಫೋಟೋ ಮತ್ತೆ ಸಂಸ್ಥೆಯವರೇ ಹೇಳೋ ಕಥೆ. ಹಾಗಾಗಿ ಕೆಲಸ ಚೆನ್ನಾಗಿ ಮಾಡೋರಿಗಿಂತ ಕಥೆ ಚೆನ್ನಾಗಿ ಹೇಳೋರಿಗೆ ದುಡ್ಡು ಬೇಗ ಸಿಗುತ್ತೆ.

ಪ್ಲೇಪಂಪ್ ಪ್ರಕರಣದಲ್ಲಿ ಆಗಿದ್ದು ಇದೇ. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಐಡಿಯಾ ಅದು, ಮಕ್ಕಳು ಆಟ ಆಡ್ತಾ ತಿರುಗಿಸೋ ಒಂದು ಚಕ್ರ, ಅದು ತಿರುಗಿದಂಗೆಲ್ಲ ನೆಲದಡಿಯ ನೀರು ಮೇಲಿನ ಟ್ಯಾಂಕಿಗೆ ಏರುತ್ತೆ. ನಗ್ತಿರೋ ಮಕ್ಕಳು, ತುಂಬ್ತಿರೋ ನೀರು, ಇದಕ್ಕಿಂತ ಚೆಂದದ ಫೋಟೋ ಯಾವುದು? 2006ರಲ್ಲಿ ಅಮೆರಿಕದ ಆಗಿನ ಅಧ್ಯಕ್ಷರ ಪತ್ನಿ ಲಾರಾ ಬುಷ್ ಇದಕ್ಕೆ 1.64 ಕೋಟಿ ಡಾಲರ್ ನೆರವು ಘೋಷಿಸಿದ್ರು, 2010ರೊಳಗೆ 4 ಸಾವಿರ ಪಂಪ್ ಹಾಕೋ ಗುರಿ ಇತ್ತು. ಆಮೇಲೆ ಗಾರ್ಡಿಯನ್ ಪತ್ರಿಕೆ ಲೆಕ್ಕ ಹಾಕಿ ನೋಡಿದ್ರೆ, ಹೇಳ್ಕೊಂಡಷ್ಟು ಜನಕ್ಕೆ ನೀರು ಸಿಗ್ಬೇಕಂದ್ರೆ ಮಕ್ಕಳು ದಿನಕ್ಕೆ 27 ಗಂಟೆ ಆಡ್ಬೇಕಿತ್ತು. ಮಾಮೂಲಿ ಕೈಪಂಪಿಗಿಂತ ಹಲವು ಪಟ್ಟು ದುಬಾರಿ, ಕೆಟ್ರೆ ರಿಪೇರಿ ಮಾಡೋಕೆ ಅಕ್ಕಪಕ್ಕ ಯಾರೂ ಇಲ್ಲ, ಮಕ್ಕಳು ಇಲ್ದಿದ್ದಾಗ ಹೆಂಗಸರೇ ಆ ಭಾರದ ಚಕ್ರನ ಬಗ್ಗಿ ತಳ್ಳಿ ನೀರು ತುಂಬಿಸ್ಕೊಳ್ಳೋ ಹಾಗಾಯ್ತು. ಇಲ್ಲಿ ಯಾರೂ ಮೋಸ ಮಾಡ್ಲಿಲ್ಲ ಅನ್ನೋದು ಮುಖ್ಯ. ಎಲ್ಲರ ಉದ್ದೇಶ ಒಳ್ಳೇದೇ ಇತ್ತು, ಆದ್ರೆ ನೀರು ಹಿಡಿಯೋ ಹೆಂಗಸರನ್ನ ಮೊದಲು ಕೇಳಿ ಆಮೇಲೆ ದುಡ್ಡು ಕೊಡೋ ವ್ಯವಸ್ಥೆ ಮಧ್ಯದಲ್ಲಿ ಇರ್ಲಿಲ್ಲ.

ಅದೇ ಉಪ್ಪಿಗೆ ಅಯೋಡಿನ್ ಸೇರಿಸೋ ಕೆಲಸ ತಗೊಳ್ಳಿ. ತಲೆಗೆ ವರ್ಷಕ್ಕೆ ಕೆಲವೇ ಸೆಂಟ್ ಖರ್ಚು, ಗಳಗಂಡ ತಡೆಯುತ್ತೆ, ಮಕ್ಕಳ ಮೆದುಳಿನ ಬೆಳವಣಿಗೆ ಕುಂಠಿತ ಆಗೋದನ್ನ ತಡೆಯುತ್ತೆ, ಆದ್ರೆ ಫೋಟೋ ತೆಗೆಯೋಕೆ ಅಲ್ಲಿ ಏನೂ ಇಲ್ಲ.

ಪರಿಶೀಲನೆಯ ಖರ್ಚು ಸಣ್ಣವರನ್ನ ಹೊರಗಿಡುತ್ತೆ

ಸರಿ, ಹಾಗಾದ್ರೆ ಕೊಡೋಕೆ ಮುಂಚೆ ಚೆನ್ನಾಗಿ ಪರಿಶೀಲನೆ ಮಾಡಿ ಕೊಡ್ಲಿ ಅಂತೀವಿ. ಅದಕ್ಕೂ ದುಡ್ಡು ಬೇಕು. ಅಮೆರಿಕದ ಒಂದು ಫೌಂಡೇಶನ್ ಬೇರೆ ದೇಶದ ಒಂದು ಸಣ್ಣ ಸಂಸ್ಥೆಗೆ ದುಡ್ಡು ಕಳಿಸ್ಬೇಕು ಅಂತಿಟ್ಕೊಳ್ಳಿ. ಆ ಸಂಸ್ಥೆ ಅಮೆರಿಕದ ಸೇವಾ ಸಂಸ್ಥೆಗೆ ಸಮಾನ ಅಂತ ದಾಖಲೆ ಸಮೇತ ತೋರಿಸ್ಬೇಕು, ಇಲ್ಲಾಂದ್ರೆ ಪ್ರತಿ ಡಾಲರ್ ಎಲ್ಲಿ ಹೋಯ್ತು ಅಂತ ಫೌಂಡೇಶನ್ನೇ ಜವಾಬ್ದಾರಿ ಹೊತ್ತು ಬೆನ್ನು ಹತ್ತಬೇಕು. ನೋಂದಣಿ ಪತ್ರ, ಆಡಿಟ್ ಆದ ಲೆಕ್ಕ, ಆಡಳಿತ ಮಂಡಳಿ ಸದಸ್ಯರ ಹೆಸರು, ನಿರ್ಬಂಧಿತರ ಪಟ್ಟಿಯಲ್ಲಿ ಇದಾರಾ ಅಂತ ಚೆಕ್, ಅವರ ಭಾಷೆಯಲ್ಲಿರೋ ನಿಯಮಾವಳಿಯ ಇಂಗ್ಲಿಷ್ ಅನುವಾದ, ಇಷ್ಟೂ ಬೇಕು. 20 ಸಾವಿರ ಡಾಲರ್ ಕೊಡೋಕೂ 20 ಲಕ್ಷ ಡಾಲರ್ ಕೊಡೋಕೂ ಈ ಕೆಲಸ ಹೆಚ್ಚುಕಮ್ಮಿ ಒಂದೇ.

ಪರಿಶೀಲನೆಗೆ ಅಷ್ಟೇ ಖರ್ಚು ಅಂದ್ಮೇಲೆ ಫೌಂಡೇಶನ್‌ನ ಸಿಬ್ಬಂದಿ ಏನ್ ಮಾಡ್ತಾರೆ? ನೂರು ಸಣ್ಣ ಚೆಕ್ ಬದಲು ಒಂದು ದೊಡ್ಡ ಚೆಕ್ ಬರೀತಾರೆ, ಅದೂ ಈಗಾಗ್ಲೇ ಪರಿಚಯ ಇರೋ ದೊಡ್ಡ ಅಂತರರಾಷ್ಟ್ರೀಯ ಸಂಸ್ಥೆಗೆ. ಆ ದೊಡ್ಡ ಸಂಸ್ಥೆ ತನ್ನ ಪಾಲು ಇಟ್ಕೊಂಡು ಸ್ಥಳೀಯ ಸಂಸ್ಥೆಗೆ ಉಪಗುತ್ತಿಗೆ ಕೊಡುತ್ತೆ. 2016ರಲ್ಲಿ ಇಸ್ತಾಂಬುಲ್‌ನಲ್ಲಿ ನಡೆದ ಮಾನವೀಯ ನೆರವಿನ ಶೃಂಗಸಭೆಯಲ್ಲಿ ದೊಡ್ಡ ದಾನಿಗಳೂ ನೆರವು ಸಂಸ್ಥೆಗಳೂ ಸೇರಿ ಗ್ರಾಂಡ್ ಬಾರ್ಗೇನ್ ಅಂತ ಒಪ್ಪಂದ ಮಾಡ್ಕೊಂಡ್ರು, 2020ರೊಳಗೆ ಶೇ. 25 ಭಾಗ ದುಡ್ಡು ಆದಷ್ಟು ನೇರವಾಗಿ ಸ್ಥಳೀಯರ ಕೈಗೆ ಹೋಗ್ಬೇಕು ಅಂತ. ಗಡುವು ಮುಗಿದು ವರ್ಷಗಳಾದ್ರೂ ನೇರವಾಗಿ ಹೋಗ್ತಿರೋ ಪಾಲು ಒಂದಂಕಿ ದಾಟಿಲ್ಲ. ಮಾತು ಕೊಟ್ಟವರು ಸುಳ್ಳು ಹೇಳಿದ್ರು ಅಂತಲ್ಲ, ಪರಿಶೀಲನೆಯ ಭಾರ ಯಾರು ಹೊರಬೇಕು ಅನ್ನೋದನ್ನ ಬದಲಾಯಿಸ್ದೇ ಬರೀ ಗುರಿ ಇಟ್ರೆ ಇಷ್ಟೇ ಆಗೋದು.

ಅರ್ಜಿ ಹಾಕೋದೇ ಒಂದು ಉದ್ಯೋಗ

ಇನ್ನೊಂದು ದಾರಿ ಬಹಿರಂಗ ಸ್ಪರ್ಧೆ, ಯಾರು ಬೇಕಾದ್ರೂ ಅರ್ಜಿ ಹಾಕ್ಲಿ, ಒಳ್ಳೇದನ್ನ ಆರಿಸೋಣ ಅನ್ನೋದು. ಅಮೆರಿಕದ ಮ್ಯಾಕ್‌ಆರ್ಥರ್ ಫೌಂಡೇಶನ್ 2016ರಲ್ಲಿ ಒಂದೇ ಪ್ರಾಜೆಕ್ಟಿಗೆ 10 ಕೋಟಿ ಡಾಲರ್ ಕೊಡ್ತೀವಿ ಅಂದಾಗ 1,904 ಪ್ರಸ್ತಾವನೆ ಬಂದ್ವು. ಸಿರಿಯಾದ ನಿರಾಶ್ರಿತ ಪುಟ್ಟ ಮಕ್ಕಳ ಶಿಕ್ಷಣದ ಪ್ರಾಜೆಕ್ಟಿಗೆ 2017ರ ಡಿಸೆಂಬರ್‌ನಲ್ಲಿ ಅದು ಸಿಕ್ತು, ಒಳ್ಳೆ ಆಯ್ಕೆನೇ. ಅಮೆರಿಕದ ಶ್ರೀಮಂತ ದಾನಿ ಮೆಕೆಂಜಿ ಸ್ಕಾಟ್ ಅವರ ದಾನ ಸಂಸ್ಥೆ ಯೀಲ್ಡ್ ಗಿವಿಂಗ್ 2023ರಲ್ಲಿ ಕರೆ ಕೊಟ್ಟಾಗ 6,353 ಸಂಸ್ಥೆ ಅರ್ಜಿ ಹಾಕಿದ್ವು, 2024ರ ಮಾರ್ಚ್‌ನಲ್ಲಿ 361 ಸಂಸ್ಥೆಗೆ ಒಟ್ಟು 64 ಕೋಟಿ ಡಾಲರ್ ಸಿಕ್ತು. ಮೊದಲು ಹೇಳಿದ್ದು 250 ಸಂಸ್ಥೆಗೆ 25 ಕೋಟಿ, ಬಂದ ಅರ್ಜಿಗಳ ಗುಣಮಟ್ಟ ನೋಡಿ ದುಡ್ಡನ್ನ ದುಪ್ಪಟ್ಟಿಗಿಂತ ಜಾಸ್ತಿ ಮಾಡಿದ್ರು. ದೊಡ್ಡ ಮನಸ್ಸು, ಅನುಮಾನವೇ ಇಲ್ಲ.

ಆದ್ರೂ ಸುಮಾರು ಆರು ಸಾವಿರ ಸಂಸ್ಥೆ ಬರಿಗೈಯಲ್ಲಿ ವಾಪಸ್ ಹೋದ್ವು. ಆ ಅರ್ಜಿಗಳ ಹಿಂದೆ ಹೋದ ಸಮಯ ಯಾರದ್ದು? ಕ್ಲಿನಿಕ್ ನಡೆಸೋ ನರ್ಸ್‌ದು, ಶಾಲೆ ನಡೆಸೋ ಮೇಷ್ಟ್ರದ್ದು. ಒಬ್ಬೊಬ್ಬ ದಾನಿಗೂ ಬೇರೆ ಫಾರ್ಮು, ಬೇರೆ ಬಜೆಟ್ ಟೇಬಲ್, ಒಂದೇ ವಿಷಯನ ಒಬ್ಬರಿಗೆ 300 ಪದದಲ್ಲಿ ಇನ್ನೊಬ್ಬರಿಗೆ 500 ಪದದಲ್ಲಿ. ದೊಡ್ಡ ಸಂಸ್ಥೆ ಇದಕ್ಕಂತಾನೇ ಒಂದು ವಿಭಾಗ ಇಟ್ಕೊಂಡಿರುತ್ತೆ, ಸಣ್ಣವರು ರಾತ್ರಿ ಕೂತು ಬರೀಬೇಕು. ಹುಡುಕಾಟದ ಖರ್ಚನ್ನ ದುಡ್ಡಿಲ್ಲದವರ ತಲೆ ಮೇಲೆ ಹಾಕೋ ಪದ್ಧತಿ ಇದು, ಈ ಇಡೀ ವ್ಯವಸ್ಥೆಯಲ್ಲಿ ಅತಿ ದೊಡ್ಡ ಅನ್ಯಾಯ ಇದೇ ಅಂತ ನನ್ನ ಅಭಿಪ್ರಾಯ.

ಬೇರೆ ಥರ ಮಾಡೋಕಾಗಲ್ವಾ ಅಂದ್ರೆ ಮಾಡಿ ತೋರಿಸಿದಾರೆ. 2020ರ ಏಪ್ರಿಲ್‌ನಲ್ಲಿ ಕೋವಿಡ್ ಸಂಶೋಧನೆಗೆ ಅಂತ ಶುರುವಾದ ಫಾಸ್ಟ್ ಗ್ರಾಂಟ್ಸ್ ಅನ್ನೋ ಅನುದಾನ ಯೋಜನೆಯಲ್ಲಿ ಅರ್ಧ ಗಂಟೆ ಒಳಗೆ ತುಂಬಬಹುದಾದ ಅರ್ಜಿ, 48 ಗಂಟೆಯಲ್ಲಿ ಉತ್ತರ ಅನ್ನೋ ಗುರಿ. ಯೇಲ್ ವಿಶ್ವವಿದ್ಯಾಲಯದ ಎಂಜಲಿನಿಂದ ಮಾಡೋ ಕೋವಿಡ್ ಟೆಸ್ಟಿಗೂ ಅಲ್ಲಿಂದ ದುಡ್ಡು ಹೋಗಿತ್ತು.

ಈಗ ಈ ಅರ್ಜಿ ಬರೆಯೋ ಕೆಲಸಕ್ಕೆ ಎಐ ಸೇರ್ಕೊಂಡಿದೆ. ಇಂಗ್ಲಿಷ್ ಚೆನ್ನಾಗಿ ಬರ್ದೇ ಇರೋ ಸಂಸ್ಥೆಗಳಿಗೆ ಇದು ನಿಜಕ್ಕೂ ಅನುಕೂಲ, ಆದ್ರೆ ಎಲ್ಲರೂ ಹತ್ತು ಪಟ್ಟು ಅರ್ಜಿ ಹಾಕೋಕೆ ಶುರು ಮಾಡಿದ್ರೆ ಓದೋರು ಎಲ್ಲಿಂದ ಬರ್ತಾರೆ? ಅಮೆರಿಕದ ಸರ್ಕಾರಿ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಇದೇ ಕಾರಣಕ್ಕೆ 2025ರ ಸೆಪ್ಟೆಂಬರ್‌ನಿಂದ ಒಬ್ಬ ಸಂಶೋಧಕ ವರ್ಷಕ್ಕೆ 6 ಅರ್ಜಿ ಮಾತ್ರ ಹಾಕಬಹುದು ಅಂತ ಮಿತಿ ಹಾಕ್ತು.

ಒಂದು ಪಟ್ಟಿ ಏನು ಮಾಡ್ತು

ಯುಎಸ್‌ಏಡ್ ಮುಚ್ಚಿದಾಗ ಕೆಲಸ ಕಳ್ಕೊಂಡ ಕೆಲವರು ಸೇರಿ ಪ್ರಾಜೆಕ್ಟ್ ರಿಸೋರ್ಸ್ ಆಪ್ಟಿಮೈಸೇಶನ್ ಅಂತ ಒಂದು ತಂಡ ಕಟ್ಟಿದ್ರು. ಅವರು ಮಾಡಿದ್ದು ಕೇಳೋಕೆ ಬಹಳ ಸರಳ: ರದ್ದಾದ ಸಾವಿರಾರು ಕಾರ್ಯಕ್ರಮದಲ್ಲಿ ಯಾವುದು ಕಡಿಮೆ ಖರ್ಚಲ್ಲಿ ಹೆಚ್ಚು ಜೀವ ಉಳಿಸುತ್ತೆ, ಯಾವುದರ ಸಿಬ್ಬಂದಿ ಇನ್ನೂ ಚದುರಿಲ್ಲ, ಯಾವುದಕ್ಕೆ ಈಗ್ಲೇ ಎಷ್ಟು ದುಡ್ಡು ಬೇಕು ಅಂತ ಒಂದೊಂದನ್ನೂ ನೋಡಿ ಪಟ್ಟಿ ಮಾಡಿ ದಾನಿಗಳ ಮುಂದೆ ಇಟ್ರು. ಕೆಲವೇ ತಿಂಗಳಲ್ಲಿ ಖಾಸಗಿ ದಾನಿಗಳಿಂದ 10 ಕೋಟಿ ಡಾಲರ್‌ಗೂ ಹೆಚ್ಚು ದುಡ್ಡು ಆ ಪಟ್ಟಿಯ ಹತ್ತಾರು ಕಾರ್ಯಕ್ರಮಗಳಿಗೆ ಬಂತು.

ಇಲ್ಲಿ ಗಮನಿಸ್ಬೇಕಾದ್ದು, ಆ ದಾನಿಗಳ ಹತ್ರ ದುಡ್ಡು ಮೊದ್ಲಿಂದಾನೂ ಇತ್ತು. ಇಲ್ದೇ ಇದ್ದಿದ್ದು, ಈ ಕೆಲಸ ಗೊತ್ತಿರೋ ಯಾರಾದ್ರೂ ನೋಡಿ ಇದಕ್ಕೆ ಕೊಡಬಹುದು ಅಂತ ಹೇಳೋದು. ಆ ತಂಡದವರು ವರ್ಷಗಟ್ಟಲೆ ಇದೇ ಕೆಲಸ ಮಾಡಿದ್ರಿಂದ ಪರಿಶೀಲನೆಯ ಬಹುಪಾಲು ಅವರ ತಲೆಯಲ್ಲೇ ಇತ್ತು, ಹೊಸಬರಿಗೆ ತಿಂಗಳುಗಟ್ಟಲೆ ಹಿಡಿಯೋದು ಅವರಿಗೆ ವಾರಗಳಲ್ಲಿ ಆಯ್ತು.

ಆದ್ರೆ ಪಟ್ಟಿಗೂ ಮಿತಿ ಇದೆ. ತೀವ್ರ ಅಪೌಷ್ಟಿಕತೆ ಇರೋ ಮಕ್ಕಳಿಗೆ ಕೊಡೋ ಕಡಲೆಕಾಯಿ ಪೇಸ್ಟಿನ ಪ್ಯಾಕೆಟ್ ನೋಡಿ. 92 ಗ್ರಾಂ ತೂಕ, 500 ಕ್ಯಾಲೊರಿ, ನೀರು ಬೆರೆಸೋದು ಬೇಡ, ಫ್ರಿಜ್ ಬೇಡ, ತುದಿ ಹರಿದು ಮಗುವಿನ ಬಾಯಿಗೆ ಕೊಟ್ರೆ ಆಯ್ತು, ಆರೆಂಟು ವಾರದಲ್ಲಿ ಮಗು ಚೇತರಿಸ್ಕೊಳ್ಳುತ್ತೆ. 2025ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನ ಎಡೇಸಿಯಾ ಕಾರ್ಖಾನೆಯಲ್ಲಿ ಈ ಪ್ಯಾಕೆಟ್‌ಗಳು ತಯಾರಾಗಿ ಗೋಡೌನಿನಲ್ಲೇ ರಾಶಿ ಬಿದ್ವು. ಸರ್ಕಾರದ ಗುತ್ತಿಗೆಗಳು ರದ್ದಾಗಿ, ಅದರಲ್ಲಿ ಕೆಲವು ಮತ್ತೆ ಜಾರಿಗೆ ಬರೋ ಹೊತ್ತಿಗೆ ಪ್ಯಾಕೆಟ್‌ಗಳನ್ನ ಹಡಗಿಗೆ ಹಾಕಿ ಬಂದರಿನಿಂದ ಕ್ಲಿನಿಕ್ ತನಕ ಮುಟ್ಟಿಸೋ ಏರ್ಪಾಡು ಹದಗೆಟ್ಟಿತ್ತು. ಪ್ಯಾಕೆಟ್ಟಿಗೆ ದುಡ್ಡು ಕೊಡೋಕೆ ಜನ ಮುಂದೆ ಬರ್ತಾರೆ, ಲಾರಿ ಬಾಡಿಗೆಗೆ, ಗೋಡೌನಿನ ಲೆಕ್ಕ ಬರೆಯೋನ ಸಂಬಳಕ್ಕೆ ಬರಲ್ಲ.

ಯಾರು ಏನ್ ಹೇಳ್ತಾರೆ

ಈ ತೊಂದರೆಗೆ ಪರಿಹಾರ ಏನು ಅನ್ನೋದ್ರಲ್ಲಿ ಒಮ್ಮತ ಇಲ್ಲ. ಲೆಕ್ಕ ಹಾಕಿ ಕೊಡಿ ಅನ್ನೋರಲ್ಲಿ ಮುಖ್ಯವಾದ್ದು 2007ರಲ್ಲಿ ಶುರುವಾದ ಗಿವ್‌ವೆಲ್. ವರ್ಷಗಳ ಕಾಲ ಸಂಶೋಧನೆ ಓದಿ ಅವರು ತಮ್ಮ ಮೊದಲ ಸಾಲಿನ ಪಟ್ಟಿಯಲ್ಲಿ ಇಟ್ಟಿರೋದು ನಾಲ್ಕೇ ನಾಲ್ಕು: ಮಲೇರಿಯಾ ತಡೆಯೋ ಮಾತ್ರೆ, ಸೊಳ್ಳೆಪರದೆ, ವಿಟಮಿನ್ ಎ, ಮತ್ತೆ ನೈಜೀರಿಯಾದಲ್ಲಿ ಮಕ್ಕಳಿಗೆ ಲಸಿಕೆ ಹಾಕಿಸೋ ತಾಯಂದಿರಿಗೆ ಪ್ರೋತ್ಸಾಹಧನ ಕೊಡೋ ಕಾರ್ಯಕ್ರಮ. ಈ ದಾರಿಯಲ್ಲಿ ದುಡ್ಡು ಪೋಲಾಗೋ ಸಾಧ್ಯತೆ ಕಡಿಮೆ. ಆದ್ರೆ ಅಳೆಯೋಕೆ ಸುಲಭ ಅಲ್ಲದ ಕೆಲಸ, ಭೂಮಿ ಹಕ್ಕಿನ ಹೋರಾಟ, ಹೆಂಗಸರಿಗೆ ಕಾನೂನು ನೆರವು, ಇಂಥವು ಆ ಪಟ್ಟಿ ಹತ್ರಾನೂ ಬರಲ್ಲ.

ಸ್ಕಾಟ್ ಅವರದ್ದು ನಂಬಿ ಕೊಡೋ ದಾರಿ. 2023ರ ಸ್ಪರ್ಧೆಗೂ ಮುಂಚೆ ಅವರು ಅರ್ಜಿನೇ ಕೇಳ್ತಿರ್ಲಿಲ್ಲ, ತಂಡದವರೇ ಸದ್ದಿಲ್ಲದೆ ಸಂಸ್ಥೆಗಳನ್ನ ಹುಡುಕಿ, ವಿಚಾರಿಸಿ, ಒಂದಿನ ಫೋನ್ ಮಾಡಿ ನಿಮಗೆ ಇಷ್ಟು ಕೊಡ್ತಿದೀವಿ, ಹೇಗೆ ಬೇಕಾದ್ರೂ ಬಳಸ್ಕೊಳ್ಳಿ ಅಂತ ಹೇಳೋರು. ಹುಡುಕೋ ಭಾರ ದಾನಿ ಹೊತ್ಕೊಂಡಿದ್ದು ಇದರ ಹೆಚ್ಚುಗಾರಿಕೆ. ವಿರೋಧಿಸೋರು ಹೇಳೋದು, ಹುಡುಕೋರ ಕಣ್ಣಿಗೆ ಬೀಳ್ದೇ ಇದ್ರೆ ಏನ್ ಮಾಡೋದು, ಯಾಕೆ ಸಿಗ್ಲಿಲ್ಲ ಅಂತ ಕೇಳೋಕೂ ವಿಳಾಸ ಇಲ್ಲ ಅಂತ. ಈ ಆಕ್ಷೇಪದಲ್ಲಿ ಹುರುಳಿದೆ.

ಇನ್ನು ಆನ್‌ಲೈನ್ ದೇಣಿಗೆ ವೇದಿಕೆಗಳು. 2002ರಿಂದ ಇರೋ ಗ್ಲೋಬಲ್‌ಗಿವಿಂಗ್ ಥರದವು ಸಂಸ್ಥೆಗಳನ್ನ ಪರಿಶೀಲಿಸಿ ಸಾಮಾನ್ಯ ದಾನಿಗಳ ಮುಂದೆ ಇಡ್ತವೆ. ಆದ್ರೆ ಇಲ್ಲೂ ಎಡವಟ್ಟು ಆಗುತ್ತೆ, 2025ರ ಅಕ್ಟೋಬರ್‌ನಲ್ಲಿ ಗೋಫಂಡ್‌ಮಿ ಅಮೆರಿಕದ ಸುಮಾರು 14 ಲಕ್ಷ ಸೇವಾ ಸಂಸ್ಥೆಗಳ ಹೆಸರಲ್ಲಿ ಅವರನ್ನ ಕೇಳ್ದೇನೇ ದೇಣಿಗೆ ಪೇಜ್ ಮಾಡಿತ್ತು ಅನ್ನೋದು ಸುದ್ದಿಯಾಯ್ತು. ತಮ್ಮದೇ ವೆಬ್‌ಸೈಟಿಗೆ ಬರ್ಬೇಕಾದ ದಾನಿ ಅಲ್ಲಿಗೆ ಹೋಗ್ತಾರೆ ಅಂತ ಸಂಸ್ಥೆಗಳು ಸಿಟ್ಟಾದ್ಮೇಲೆ, ಒಪ್ಪಿದವರಿಗೆ ಮಾತ್ರ ಅಂತ ಬದಲಾಯಿಸಿದ್ರು.

ಲಾಟರಿ ಎತ್ತೋಣ ಅನ್ನೋರೂ ಇದಾರೆ, ಅವರನ್ನ ಹಗುರವಾಗಿ ತಗೋಬೇಡಿ. ನ್ಯೂಜಿಲೆಂಡ್‌ನ ಆರೋಗ್ಯ ಸಂಶೋಧನಾ ಮಂಡಳಿ 2013ರಲ್ಲಿ ಒಂದು ಬಗೆಯ ಅನುದಾನಕ್ಕೆ ಇದನ್ನೇ ಶುರು ಮಾಡ್ತು, ಕನಿಷ್ಠ ಅರ್ಹತೆ ಇದ್ದವರನ್ನೆಲ್ಲ ಸೇರಿಸಿ ಚೀಟಿ ಎತ್ತೋದು. ಮೇಲಿನ ನೂರು ಅರ್ಜಿಯಲ್ಲಿ 40ನೇದಕ್ಕೂ 60ನೇದಕ್ಕೂ ವ್ಯತ್ಯಾಸ ಹೇಳೋಕೆ ಯಾರಿಂದಲೂ ಆಗಲ್ಲ ಅಂದ್ಮೇಲೆ ಚೀಟಿ ಎತ್ತೋದು ಕಡಿಮೆ ಖರ್ಚಿನ, ಪ್ರಾಮಾಣಿಕ ದಾರಿ. ಜೀವ ಉಳಿಸೋ ತುರ್ತು ಕೆಲಸಕ್ಕೆ ಇದು ಒಪ್ಪಲ್ಲ, ಹೊಸ ಪ್ರಯೋಗಗಳಿಗೆ ಒಪ್ಪುತ್ತೆ.

ಮಧ್ಯದ ಕೆಲಸಕ್ಕೆ ಸಂಬಳ ಯಾರು ಕೊಡ್ತಾರೆ

ಈ ಎಲ್ಲ ದಾರಿಗೂ ಬೇಕಾಗಿರೋದು ಜನ: ಹುಡುಕೋರು, ಓದೋರು, ಹೋಗಿ ನೋಡೋರು. ದಾನಿಗಳು ಅದರ ಖರ್ಚನ್ನ ಓವರ್‌ಹೆಡ್, ಅಂದ್ರೆ ಆಡಳಿತದ ಖರ್ಚು, ಅಂತಾರೆ, ಓವರ್‌ಹೆಡ್ ಕಡಿಮೆ ಇದ್ರೆ ಸಂಸ್ಥೆ ಒಳ್ಳೇದು ಅನ್ನೋ ನಂಬಿಕೆ ದಶಕಗಳಿಂದ ಬೇರೂರಿದೆ. ಅದರಿಂದ ಏನಾಗುತ್ತೆ ಅಂದ್ರೆ, ದಾನಿ ಕಡಿಮೆ ಓವರ್‌ಹೆಡ್ ಬಯಸ್ತಾನೆ ಅಂತ ಸಂಸ್ಥೆ ತನ್ನ ಖರ್ಚನ್ನ ಕಮ್ಮಿ ಮಾಡಿ ತೋರಿಸುತ್ತೆ, ಅದನ್ನ ನೋಡಿ ದಾನಿ ಇಷ್ಟರಲ್ಲೇ ನಡೆಯುತ್ತೆ ಅಂದ್ಕೊಂಡು ಮುಂದಿನ ಸಲ ಇನ್ನೂ ಕಮ್ಮಿ ಕೊಡ್ತಾನೆ, ಕೊನೆಗೆ ಲೆಕ್ಕ ಬರೆಯೋರಿಲ್ಲ, ಹಳೆ ಕಂಪ್ಯೂಟರ್, ರಿಪೋರ್ಟ್ ತಡ, ರಿಪೋರ್ಟ್ ತಡ ಆಯ್ತು ಅಂತ ದಾನಿಗೆ ಅಪನಂಬಿಕೆ. 2013ರಲ್ಲಿ ಅಮೆರಿಕದ ಸೇವಾ ಸಂಸ್ಥೆಗಳ ಬಗ್ಗೆ ಮಾಹಿತಿ, ರೇಟಿಂಗ್ ಕೊಡೋ ಗೈಡ್‌ಸ್ಟಾರ್, ಚಾರಿಟಿ ನ್ಯಾವಿಗೇಟರ್ ಮುಂತಾದವು ಸೇರಿ ದಾನಿಗಳಿಗೆ ಬಹಿರಂಗ ಪತ್ರ ಬರೆದು, ಬರೀ ಈ ಅಂಕಿ ನೋಡಿ ಅಳೀಬೇಡಿ ಅಂದ್ರು. ಅಮೆರಿಕದ ಫೋರ್ಡ್ ಫೌಂಡೇಶನ್ ಇಂಥ ಪರೋಕ್ಷ ಖರ್ಚಿಗೆ ಕೊಡೋ ಪಾಲನ್ನ ಶೇ. 20ಕ್ಕೆ, ಆಮೇಲೆ ಶೇ. 25ಕ್ಕೆ ಏರಿಸ್ತು. ಅದೇ ಹಾದಿ ಹಿಡಿದವರು ಕಡಿಮೆ.

ಇನ್ಮುಂದೆ ಏನಾಗಬಹುದು

ಮೊದಲನೇ ಪರಿಣಾಮ ಈಗಾಗ್ಲೇ ಕಾಣ್ತಿದೆ: ಸರ್ಕಾರದ ದುಡ್ಡು ನಿಂತ ದೊಡ್ಡ ಸಂಸ್ಥೆಗಳೂ ಈಗ ಖಾಸಗಿ ಫೌಂಡೇಶನ್‌ಗಳ ಬಾಗಿಲಿಗೆ ಬಂದಿವೆ, ಸಣ್ಣವರಿಗೆ ಅಲ್ಲಿ ಮೊದಲೇ ಇಕ್ಕಟ್ಟಿದ್ದ ಜಾಗ ಇನ್ನೂ ಇಕ್ಕಟ್ಟಾಗಿದೆ. ಮುಚ್ಚಿದ ಕಾರ್ಯಕ್ರಮ ಆರು ತಿಂಗಳಾದ್ಮೇಲೆ ದುಡ್ಡು ಬಂದ್ರೂ ಎದ್ದೇಳೋದು ಕಷ್ಟ, ಯಾಕಂದ್ರೆ ತರಬೇತಿ ಆದ ಸಿಬ್ಬಂದಿ ಬೇರೆ ಕಡೆ ಹೋಗಿರ್ತಾರೆ, ರೋಗಿಗಳು ಎಲ್ಲಿದಾರೆ ಅಂತ ಗೊತ್ತಿರಲ್ಲ, ಔಷಧಿ ಆರ್ಡರ್ ಮತ್ತೆ ಮೊದಲಿಂದ. ಎರಡನೇದು, ಪಟ್ಟಿ ನೋಡಿ ಕೊಟ್ಟ ದಾನಿಗಳಲ್ಲಿ ಬಹಳಷ್ಟು ಜನ ಕೊಟ್ಟಿದ್ದು ಒಂದು ಸಲಕ್ಕೆ, ಮುಂದಿನ ವರ್ಷ ಯಾರು ಅನ್ನೋದಕ್ಕೆ ಉತ್ತರ ಇಲ್ಲ. ಮೂರನೇದು ನನಗೆ ಹೆಚ್ಚು ಚಿಂತೆ ತರೋದು: ಎಐ ಅರ್ಜಿಗಳ ಪ್ರವಾಹಕ್ಕೆ ಹೆದರಿ ಫೌಂಡೇಶನ್‌ಗಳು ಬಹಿರಂಗ ಅರ್ಜಿನೇ ನಿಲ್ಲಿಸಿ ಕರೆದವರಿಗೆ ಮಾತ್ರ ಅಂತ ಮಾಡಿದ್ರೆ, ಯಾರ ಪರಿಚಯಾನೂ ಇಲ್ಲದ ಸಂಸ್ಥೆಗೆ ಇದ್ದ ಒಂದೇ ದಾರಿ ಮುಚ್ಚುತ್ತೆ.

ಒಳ್ಳೆ ಸೂಚನೆಗಳೂ ಇವೆ. ಮ್ಯಾಕ್‌ಆರ್ಥರ್ ಫೌಂಡೇಶನ್ 2025 ಮತ್ತು 2026ಕ್ಕೆ ತನ್ನ ಆಸ್ತಿಯಲ್ಲಿ ಹಂಚೋ ಪಾಲನ್ನ ಕನಿಷ್ಠ ಶೇ. 6ಕ್ಕೆ ಏರಿಸ್ತು. ಕಾನೂನಿನ ಶೇ. 5ಕ್ಕಿಂತ ಶೇ. 1 ಜಾಸ್ತಿ ಅಂದ್ರೆ ಚಿಕ್ಕದು ಅನ್ಸುತ್ತೆ, ಅಮೆರಿಕದ ಎಲ್ಲ ಖಾಸಗಿ ಫೌಂಡೇಶನ್‌ಗಳೂ ಅಷ್ಟೇ ಮಾಡಿದ್ರೂ ವರ್ಷಕ್ಕೆ ಸಾವಿರ ಕೋಟಿ ಡಾಲರ್ ಲೆಕ್ಕದಲ್ಲಿ ಹೊಸ ದುಡ್ಡು ಹೊರಗೆ ಬರುತ್ತೆ. ಅದರ ಜೊತೆಗೆ ಕಾನೂನು ಬದಲಾಗ್ದೇನೇ ನಾಳೆಯಿಂದಲೇ ಮಾಡಬಹುದಾದ ಕೆಲಸಗಳಿವೆ. ಮೊದಲ ಸುತ್ತಿಗೆ ಒಂದೇ ಪುಟದ ಅರ್ಜಿ ಸಾಕು, ಎರಡನೇ ಸುತ್ತಿಗೆ ಬಂದವರು ಪೂರ್ತಿ ಪ್ರಸ್ತಾವನೆ ಬರೆಯೋ ಸಮಯಕ್ಕೆ ದುಡ್ಡು ಕೊಡಿ, ಒಬ್ಬ ದಾನಿ ಪರಿಶೀಲಿಸಿದ ಫೈಲನ್ನ ಸಂಸ್ಥೆ ಒಪ್ಪಿದ್ರೆ ಇನ್ನೊಬ್ಬ ದಾನಿಗೂ ಕೊಡಿ. ಮತ್ತೆ ಆ ಪಟ್ಟಿ ಮಾಡಿದಂಥ ತಂಡಗಳಿಗೆ, ತುರ್ತು ಪರಿಸ್ಥಿತಿ ಮುಗಿದ್ಮೇಲೂ, ಮುಂದಿನ ಐದು ವರ್ಷದ ಸಂಬಳ ಈಗ್ಲೇ ಕೊಡಿ.